ಖಾನಾವಳಿಗೆ ಸೀಲು ಬಿದ್ದ ವರ್ಷ

ಕಳೆದ ತಿಂಗಳು ತಿಕೋಟಾದಲ್ಲಿ ನಮ್ಮ ಮನೆಯ ಎದುರಿನ ಶಾಲೆಗೆ ಎಣ್ಣೆಬಣ್ಣ ಹಚ್ಚಿದರು. ಮಧ್ಯಾಹ್ನದ ಗಾಳಿಗೆ ಅದರ ವಾಸನೆ ನೇರವಾಗಿ ನಮ್ಮ ಅಡುಗೆಮನೆಗೆ ಬಂತು. ನಾನು ಹಿಟ್ಟು ನಾದುತ್ತಿದ್ದೆ. ನಮ್ಮವರು ಹೊರಗೆ ಕಟ್ಟೆಯ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಎದ್ದು ಬಂದು ಕಿಟಕಿ ಮುಚ್ಚಿದರು.

"ಆ ವಾಸನಿ ಬಂದ್ರ ಖಾನಾವಳಿ ನೆನಪಾಗ್ತೈತಿ," ಎಂದರು.

ನನಗೂ ಅದೇ ನೆನಪಾಗಿತ್ತು.

ಸೀಲು ಬಿದ್ದ ಆ ವರ್ಷ ಜೂನಿನ ಮಿರಗದ ಮಳೆ ಬಿದ್ದ ವಾರದಲ್ಲೇ ವಿಜಯಪುರದ ನಮ್ಮ ಖಾನಾವಳಿಯ ಗೋಡೆಗಳಿಗೆ ನಾವು ಕೈಯಾರೆ ಎಣ್ಣೆಬಣ್ಣ ಬಳಿದಿದ್ದೆವು. ನೀರು ಹಾಕಿ ತೊಳೆಯಲು ಬರುವಂಥ ಬಣ್ಣವೇ ಇರಬೇಕು ಎಂದು ಲೈಸೆನ್ಸ್ ಕಚೇರಿಯವರು ಹೇಳಿದ್ದರು. ಮಳೆಯ ಹವೆಗೆ ಅದು ಒಣಗಲೇ ಇಲ್ಲ. ಊಟಕ್ಕೆ ಬಂದವರು ರೊಟ್ಟಿ ಮುರಿದು ಮೂಸಿ ನೋಡುತ್ತಿದ್ದರು. "ಅಕ್ಕಾ, ಇವತ್ತ ಬದನಿಕಾಯಿ ಪಲ್ಯಾನೂ ಪೇಂಟಿನ್ಯಾಗ ಮಾಡೀರೇನ್ರಿ?" ಎಂದು ಬಸ್ ಡ್ರೈವರೊಬ್ಬರು ಕೇಳಿ ಎಲ್ಲರನ್ನೂ ನಗಿಸಿದ್ದರು. ಆಗ ನಾವೂ ನಕ್ಕೆವು. ಬಣ್ಣ ಒಣಗಿದರೆ ಎಲ್ಲ ಮುಗಿಯಿತು ಎಂದೇ ನಾವು ತಿಳಿದಿದ್ದೆವು.

ಖಾನಾವಳಿ ಎಂದರೆ ದೊಡ್ಡದೇನಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ದಸ್ತಗೀರ ಮಾಸ್ತರರ ಹಳೆಯ ಮನೆ. ಅದರ ಮುಂದಿನ ಖೋಲಿ, ಒಂದೇ ಕೋಣೆ, ಬಾಡಿಗೆಗೆ ನಮ್ಮದು. ಗೋಡೆಗೆ ಒತ್ತಿ ಬೆಂಚುಗಳು, ಕಿಟಕಿಯ ಕೆಳಗೆ ಕಟ್ಟಿಗೆಯ ಒಲೆ, ಅದರ ಮೇಲೆ ಕಬ್ಬಿಣದ ಹಂಚು. ಬಿಸಿ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ತಪ್ಪಲು ಪಲ್ಯ, ಶೇಂಗಾ ಹಿಂಡಿ, ಮೊಸರು. ಕೋರ್ಟಿಗೆ ಬಂದ ರೈತರು, ದವಾಖಾನೆಯಲ್ಲಿ ರೋಗಿಯನ್ನು ಮಲಗಿಸಿ ಬಂದವರು, ಪರೀಕ್ಷೆಗೆ ಓದಲು ಖೋಲಿ ಹಿಡಿದ ಹುಡುಗರು, ಡ್ರೈವರು ಕಂಡಕ್ಟರುಗಳು ಉಣ್ಣುತ್ತಿದ್ದರು. ನಮ್ಮವರು ಸಿದ್ದಪ್ಪ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೊಟ್ಟೆಯ ಅಂದಾಜು ಹೇಳುತ್ತಿದ್ದರು. "ಗೌರಾ, ಅರಕೇರಿಯವರು ಬಂದಾರ, ಕಟಿ ರೊಟ್ಟಿ ಬ್ಯಾಡ, ಮೆತ್ತಂದು ಹಾಕು, ಹಲ್ಲಿಲ್ಲ ಅವರಿಗೆ." ಅವರ ದನಿ ಗಲ್ಲಿಯ ತುದಿಯವರೆಗೂ ಕೇಳುತ್ತಿತ್ತು. ಬೋರ್ಡು ಕಾಣದವರೂ ಆ ದನಿ ಹಿಡಿದು ಬರುತ್ತಿದ್ದರು.

ಅಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ. ವರ್ಷಕ್ಕೊಮ್ಮೆ ಹಣ ಕಟ್ಟಿ ಒಂದು ಚೀಟಿ ಹರಿಸಿಕೊಂಡರೆ ಆಗುತ್ತಿತ್ತು. ಆ ವರ್ಷ ಬೇರೆ ಯಾವುದೋ ಊರಿನ ಹೋಟೆಲ್ಲಿನಲ್ಲಿ ಬೆಂಕಿ ಬಿದ್ದು ಅನಾಹುತವಾಯಿತಂತೆ. ಆಮೇಲೆ ಎಲ್ಲ ಕಡೆ ತಪಾಸಣೆ ಶುರುವಾಯಿತು. ನಮ್ಮ ಗಲ್ಲಿಗೂ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಇನ್ನೂ ಸಣ್ಣ ವಯಸ್ಸು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಅವರ ಕನ್ನಡ ಬೇರೆ, ನಡತೆ ಬಹಳ ಮೆದು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು ಒಲೆ, ಮೋರಿ, ನೀರಿನ ಹಂಡೆ ಎಲ್ಲ ನೋಡಿದರು.

"ಅಮ್ಮಾ, ಅಡುಗೆ ಚೆನ್ನಾಗೇ ಇದೆ. ಆದ್ರೆ ಹೊಸ ಲೈಸೆನ್ಸ್ ತಗೋಬೇಕು. ಕಟ್ಟಿಗೆ ಒಲೆ ನಡೆಯಲ್ಲ. ಮೋರಿ ಮುಚ್ಚಿಸ್ಬೇಕು, ಗೋಡೆಗೆ ಬಣ್ಣ ಹಾಕಿಸ್ಬೇಕು," ಎಂದರು.

ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ನಮ್ಮ ಮೋರಿ ಮಳೆಗಾಲದಲ್ಲಿ ಉಕ್ಕುತ್ತಿತ್ತು. ಹೊಗೆಯಿಂದ ನನ್ನ ಕಣ್ಣು ಉರಿಯುತ್ತಿದ್ದದ್ದೂ ನಿಜ. ನಾವು ಮೋರಿಗೆ ಕಲ್ಲು ಹಾಸಿಸಿದೆವು. ಒಲೆ ಕಿತ್ತು ಗ್ಯಾಸು ತಂದೆವು. ಗ್ಯಾಸಿನ ಉರಿ ಹಂಚಿನ ನಡುವೆಯೇ ಸುಡುತ್ತದೆ, ಅಂಚಿಗೆ ಬರುವುದಿಲ್ಲ. ರೊಟ್ಟಿ ತಿರುಗಿಸುವ ಕೈಗೇ ಹೊಸ ಅಭ್ಯಾಸ ಬೇಕಾಯಿತು. ಅದನ್ನೂ ಕಲಿತೆ. ಬಣ್ಣ ಬಳಿದೆವು.

ಕಷ್ಟ ಶುರುವಾದದ್ದು ಆಮೇಲೆ. ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅರ್ಜಿ ಹಾಕಿದರೆ ಕೆಲವು ದಿನಕ್ಕೆ ಅದು ತಿರುಗಿ ಬರುತ್ತಿತ್ತು. ಒಂದು ಕೊರತೆ ತುಂಬಿದರೆ ಮುಂದಿನ ಕೊರತೆ ಆಗ ಕಾಣುತ್ತಿತ್ತು. ಎಲ್ಲವನ್ನೂ ಒಮ್ಮೆಲೇ ಯಾರೂ ಹೇಳುತ್ತಿರಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರು ತಂದು ಗೋಡೆಗೆ ತೂಗುಹಾಕಿದರೆ, ನೀರಿನ ಪರೀಕ್ಷೆ ಆಗಿಲ್ಲ ಎಂದರು. ನೀರು ಪರೀಕ್ಷೆ ಮಾಡಿಸಿ ತಂದರೆ, ಬಡಿಸುವವರ ಆರೋಗ್ಯದ ಪ್ರಮಾಣಪತ್ರ ಎಂದರು. ನಮ್ಮವರು ಬೆಳಗಿನ ಪಲ್ಯ ಇಳಿಸಿಕೊಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದರು. ಊಟದ ಹೊತ್ತಿಗೆ ಬರುತ್ತೇನೆಂದು ಹೋದವರು ಊಟದ ಹೊತ್ತು ಮುಗಿದ ಮೇಲೆ ಬರುತ್ತಿದ್ದರು. ಬಾಗಿಲಲ್ಲಿ ಕರೆಯುವ ದನಿ ಇಲ್ಲದೆ ಜನ ಮುಂದಿನ ಹೋಟೆಲ್ಲಿಗೆ ಹೋಗತೊಡಗಿದರು.

ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಏಜೆಂಟರು ಇರುತ್ತಿದ್ದರು. ನಮ್ಮಿಂದಲೇ ಆಗುತ್ತದೆ ಬಿಡಿ, ನೀವು ಮನೆಯಲ್ಲಿ ಕೂತಿರಿ ಎನ್ನುತ್ತಿದ್ದರು. ನಮ್ಮವರು ಒಪ್ಪಲಿಲ್ಲ. "ನಾ ತಪ್ಪ ಮಾಡಿಲ್ಲ, ಮತ್ಯಾಕ ಹಿಂದಿನ ಬಾಗಲದಾಗ ಹೋಗ್ಲಿ?" ಎಂದರು. ಆ ಮಾತು ಕೇಳಿ ನನಗೆ ಅಭಿಮಾನವಾಗಿತ್ತು. ಆಮೇಲೆ ಎಷ್ಟೋ ಸಲ, ಏಜೆಂಟನಿಗೇ ಕೊಟ್ಟಿದ್ದರೆ ಆಗುತ್ತಿತ್ತು ಎಂದೂ ಅನ್ನಿಸಿದೆ.

ಶ್ರಾವಣ ಮುಗಿಯುವ ಹೊತ್ತಿಗೆ ಎಲ್ಲ ಕೊರತೆಗಳೂ ತುಂಬಿ ಒಂದೇ ಉಳಿಯಿತು. ಜಾಗದ ಉತಾರ, ಅಂದರೆ ಜಾಗ ಯಾರ ಹೆಸರಿನಲ್ಲಿದೆ ಎಂಬ ಸರ್ಕಾರಿ ಕಾಗದ. ಮಾಸ್ತರರ ಮನೆ ಕಾಗದದಲ್ಲಿ ಇನ್ನೂ ಅವರ ತೀರಿಕೊಂಡ ತಂದೆಯ ಹೆಸರಿನಲ್ಲೇ ಇತ್ತು. ಸತ್ತವರು ಬಾಡಿಗೆಗೆ ಒಪ್ಪಿಗೆ ಕೊಡಲು ಬರುವುದಿಲ್ಲ. ಮಾಸ್ತರರ ಹೆಸರಿಗೆ ಆಗಬೇಕಾದರೆ ಎಲ್ಲ ವಾರಸುದಾರರ ಸಹಿ ಬೇಕು.

ದಸ್ತಗೀರ ಮಾಸ್ತರರು ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ನಮ್ಮ ಜೊತೆ ಬಾಡಿಗೆಯ ಸಂಬಂಧಕ್ಕಿಂತ ಊಟದ ಸಂಬಂಧವೇ ಹೆಚ್ಚು. ಮೊದಲ ರೊಟ್ಟಿ ಅವರಿಗೇ ಹೋಗುತ್ತಿತ್ತು. ಈ ವಿಷಯ ಹೇಳಿದಾಗ ಅವರು ತಟ್ಟೆ ಸರಿಸಿ ಕೈ ತೊಳೆದುಕೊಂಡರು.

"ನನಗ ಒಬ್ಬಾಕಿ ತಂಗಿ ಅದಾಳ, ಗೌರವ್ವಾ. ಬಬಲೇಶ್ವರದಾಗ," ಎಂದರು.

ಅಷ್ಟು ವರ್ಷ ಅವರ ಬಾಯಲ್ಲಿ ತಂಗಿಯ ಮಾತು ನಾವು ಕೇಳಿಯೇ ಇರಲಿಲ್ಲ.

"ಮಾತಿಲ್ಲ ನಮಗ. ನಾ ಒಬ್ಬನ ಹೋದ್ರ ಬಾಗಲಾ ತಗಿಯೂದಿಲ್ಲ ಆಕಿ. ನೀ ಜೊತಿ ಬಂದ್ರ ಮನಿಗೆ ಬಂದ ಹೆಣ್ಮಗಳಿಗೆ ಹೊಳ್ಳಿ ಹೋಗು ಅನ್ನೂದಿಲ್ಲ."

ಹಾಗೆ ನಾನೂ ಮಾಸ್ತರರೂ ಬಬಲೇಶ್ವರದ ಬಸ್ಸು ಹತ್ತಿದೆವು. ಹಿಂಗಾರಿ ಜೋಳ ಬಿತ್ತುವ ದಿನಗಳು. ರಸ್ತೆಯ ಎರಡೂ ಬದಿ ಕರಿ ಮಣ್ಣನ್ನು ಹದವಾಗಿ ಹರಗಿಟ್ಟಿದ್ದರು, ಅಲ್ಲಲ್ಲಿ ಕೂರಿಗೆ ಹಿಡಿದವರು ಕಾಣುತ್ತಿದ್ದರು. ಮಾಸ್ತರರು ತೊಡೆಯ ಮೇಲೆ ಮಿಠಾಯಿಯ ಪೊಟ್ಟಣ ಇಟ್ಟುಕೊಂಡು ಕೂತಿದ್ದರು. ಇಳಿಯುವ ಮುಂಚೆ, "ಆಕಿ ಜೋರ ಮಾತಾಡ್ತಾಳ. ನೀ ಬ್ಯಾಸರಾ ಮಾಡ್ಕೋಬ್ಯಾಡ," ಎಂದರು.

ಮಾಸ್ತರರ ತಂಗಿ ಜುಬೇದಾಬಿಯ ಮನೆಯ ಮುಂದೆಯೇ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರಂತೆ. ನಾವು ಹೋದಾಗ ಗಿರಣಿ ಓಡುತ್ತಿತ್ತು. ಹುಬ್ಬು, ತಲೆಯ ಸೆರಗು ಎಲ್ಲ ಹಿಟ್ಟಾಗಿ, ಜೋಳದ ಬುಟ್ಟಿ ಎತ್ತಿ ಸುರಿಯುತ್ತಿದ್ದ ಎತ್ತರದ ಹೆಂಗಸು ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ. ಬುಟ್ಟಿ ಪೂರ್ತಿ ಸುರಿದು, ಹಿಟ್ಟು ಬೀಳುವವರೆಗೂ ನಿಂತು, ಆಮೇಲೆ ಗಿರಣಿ ಬಂದ್ ಮಾಡಿದರು.

ಅಣ್ಣ-ತಂಗಿ ಮೊದಲು ತಮ್ಮ ಮನೆಮಾತಿನಲ್ಲೇ ಒಂದೆರಡು ಮಾತು ಆಡಿಕೊಂಡರು. ನಂತರ ಜುಬೇದಾಬಿ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು.

"ಬರ್ರಿ ಅಕ್ಕಾರ, ಕೂಡ್ರಿ. ಇವರ ಮುಂದನ ಮಾತಾಡ್ತೀನಿ ಭಾಯ್. ಒಬ್ಬರು ಸಾಕ್ಷಿ ಇರಲಿ."

ಮಾಸ್ತರರು ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ಸಹಿ, ಉತಾರ, ಲೈಸೆನ್ಸು. ಜುಬೇದಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಪೂರ್ತಿ ಕೇಳಿದರು.

"ಯಾವ ಖೋಲಿಗೆ ಲೈಸೆನ್ಸ?"

"ಮುಂದಿನ ಖೋಲಿ," ಎಂದರು ಮಾಸ್ತರರು.

"ಅಮ್ಮನ ಖೋಲಿ ಅನ್ನು."

ಮಾಸ್ತರರು ತಲೆ ಎತ್ತಲಿಲ್ಲ. ಜುಬೇದಾಬಿ ನನ್ನನ್ನೇ ನೋಡಿ ಹೇಳಿದರು. "ನಮ್ಮಮ್ಮ ಕಡೀ ದಿನಗಳಾಗ ಅದ ಖೋಲ್ಯಾಗ ಮಲಗಿದ್ದಳ್ರಿ. ಕಿಟಕಿ ಬುಡಕ ಹೊರಸು ಹಾಕಿದ್ವಿ. ನಾನು ನನ್ನ ಮನಿ ಬಿಟ್ಟು ಬಂದು ಆಕೀ ಹೇಲು ಉಚ್ಚಿ ಬಳದೇನಿ. ಆಕಿ ಹೋದ್ಲು. ನಲವತ್ತನೇ ದಿನದ ಫಾತೇಹಾ ಸೈತ ಆಗಿದ್ದಿಲ್ಲ, ಇವ ಖೋಲಿ ಬಾಡಿಗಿಗೆ ಕೊಟ್ಟ. ನನ್ನ ಒಂದು ಮಾತು ಕೇಳಲಿಲ್ಲ. ನಾ ಫಾತೇಹಾಕ್ಕ ಬಂದ್ರ ಆ ಖೋಲ್ಯಾಗ ಯಾರೋ ರೊಟ್ಟಿ ಬಡ್ಯಾಕತ್ತಿದ್ರು."

ಆ ರೊಟ್ಟಿ ಬಡಿಯುತ್ತಿದ್ದವಳು ನಾನೇ. ಆ ದಿನ ಒಳಮನೆಯಲ್ಲಿ ಬಹಳ ಜನ ಸೇರಿದ್ದು, ಮಾಸ್ತರರು ಊಟ ಬೇಡವೆಂದಿದ್ದು ಮಾತ್ರ ನನಗೆ ನೆನಪಿತ್ತು. ನಮ್ಮ ಒಲೆ ಕಿಟಕಿಯ ಕೆಳಗೇ ಇತ್ತು. ಕುಡಿಯಲು ಕೊಟ್ಟ ನೀರಿನ ಲೋಟವನ್ನು ನಾನು ಹಾಗೆಯೇ ಹಿಡಿದುಕೊಂಡು ಕೂತೆ.

"ಗೊತ್ತಿದ್ದಿಲ್ರಿ ನಮಗ," ಎಂದೆ.

"ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ರಿ. ನೀವು ಹೊಟ್ಟಿಪಾಡಿಗೆ ಬಂದವರು. ಗೊತ್ತಿದ್ದವ ಇವ."

"ತಪ್ಪಾತು ಜುಬೇದಾ," ಎಂದರು ಮಾಸ್ತರರು. "ಅಮ್ಮನ ದವಾಖಾನಿ ಖರ್ಚಿನ್ಯಾಗ ಮುಣಗಿದ್ದೆ. ಆ ಖೋಲ್ಯಾಗ ಹೋಗಾಕೂ ಆಗ್ತಿದ್ದಿಲ್ಲ ನನಗ. ಯಾರರೆ ಇರಲಿ ಅನಸ್ತು."

"ಹಂಗಂತ ಅವತ್ತ ಹೇಳಬೇಕಿತ್ತು. ಸಹಿ ಬೇಕಾದಾಗ ಹೇಳ್ತೀಯಲ್ಲ."

ಆಮೇಲೆ ಅವರು ಎದ್ದು ಒಳಗೆ ಹೋದರು. ನಾವಿನ್ನು ಏಳಬೇಕೆಂದೇ ನಾನು ತಿಳಿದೆ. ಅವರು ಎರಡು ತಾಟಿನಲ್ಲಿ ಖಿಚಡಿ ಹಾಕಿಕೊಂಡು ಬಂದರು. ಉಣ್ಣದೆ ಹೋಗಲು ಬಿಡಲಿಲ್ಲ. ನಾವು ಉಣ್ಣುವಾಗ ಎದುರಿಗೆ ಕೂತು ಹೇಳಿದರು.

"ಸಹಿ ಮಾಡ್ತೀನಿ. ಆದ್ರ ನನ್ನ ಪಾಲು ಬಿಟ್ಟುಕೊಟ್ಟೇನಿ ಅಂತ ಮಾಡೂದಿಲ್ಲ. ಉತಾರದಾಗ ನನ್ನ ಹೆಸರೂ ಬರಬೇಕು. ನನಗ ಖೋಲಿ ಬ್ಯಾಡ, ಬಾಡಿಗೀನೂ ಬ್ಯಾಡ. ಹೆಸರು ಬೇಕು. ಅದು ನಮ್ಮಮ್ಮನ ಮನಿ ಅಂತ ನಾನೂ ಅನ್ನಬೇಕು."

ಮಾಸ್ತರರ ಕೈ ತಾಟಿನಲ್ಲೇ ನಿಂತಿತು. "ಹಾಕಸ್ತೀನಿ," ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರರು ಒಂದು ಮಾತು ಕೇಳಿದರು. "ಗೌರವ್ವಾ, ಇಬ್ಬರ ಹೆಸರಿಗೆ ಮಾಡಸಾಕ ಮತ್ತ ಮೊದಲಿಂದ ಸುರು ಮಾಡಬೇಕು. ನಿಮ್ಮ ಕೆಲಸಾ ತಡಾ ಆಗ್ತೈತಿ. ಹೆಸರು ಬಿಡು ಅಂತ ಆಕೀಗೆ ಇನ್ನೊಮ್ಮೆ ಕೇಳ್ಲ್ಯಾ?"

"ಕೇಳಬ್ಯಾಡ್ರಿ ಮಾಸ್ತರ್ರ," ಎಂದೆ.

ಮನೆಗೆ ಬಂದು ನಮ್ಮವರಿಗೆ ಹೇಳಿದಾಗ ಅವರು ಗೋಡೆಗೆ ಒರಗಿ ಕೂತರು. "ಆ ಹೆಣ್ಮಗಳು ಹೇಳಿದ್ದು ಖರೇ ಐತಿ. ನಾನಾದ್ರೂ ಹಂಗ ಅಂತಿದ್ದೆ. ಆದ್ರ ನಮ್ಮ ಬಾಗಲಾ, ಗೌರಾ?" ಎಂದರು.

ಇನ್ಸ್‌ಪೆಕ್ಟರ್ ಸಾಹೇಬರು ದೀಪಾವಳಿಯವರೆಗೆ ಗಡುವು ಕೊಟ್ಟಿದ್ದರು. ಅದು ಮುಗಿದ ಮೇಲೂ ತಾವಾಗಿಯೇ ಇನ್ನಷ್ಟು ದಿನ ತಳ್ಳಿದರು. ಆಮೇಲೆ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲೇ, ಇಬ್ಬರು ಸಿಬ್ಬಂದಿಯನ್ನು ಕರೆದುಕೊಂಡು ಬಂದರು. ಬೆಂಚುಗಳು ತುಂಬಿದ್ದವು. ಬಾಗಿಲಲ್ಲೇ ನಿಂತು ನನ್ನ ಕಡೆ ನೋಡಿ, "ಅಮ್ಮಾ, ಮೇಲಿಂದ ಆರ್ಡರ್ ಬಂದಿದೆ. ಇವತ್ತು ಸೀಲ್ ಮಾಡ್ಲೇಬೇಕು," ಎಂದರು. ಬೆಂಚುಗಳ ಕಡೆ ನೋಡಿ, "ಉಣ್ಣೋರು ಉಂಡು ಮುಗಿಸಲಿ. ಕಾಯ್ತೀನಿ," ಎಂದು ಹೊರಗೆ ಹೋಗಿ ಬಿಸಿಲಲ್ಲಿ ನಿಂತರು.

ಆ ಊಟವನ್ನು ನಾನು ಮರೆಯಲಾರೆ. ಎಲ್ಲರೂ ತುತ್ತು ಸಣ್ಣದು ಮಾಡಿ, ತಡವಾಗಿ ಅಗಿಯತೊಡಗಿದರು. ಬಸ್ಸಿಗೆ ಹೊತ್ತಾಗುತ್ತದೆಂದು ಯಾವಾಗಲೂ ಗಡಿಬಿಡಿ ಮಾಡುವ ಆ ಡ್ರೈವರೇ, "ಅಕ್ಕಾ, ಇನ್ನೊಂದು ಬಿಸಿ ರೊಟ್ಟಿ," ಎಂದರು. ಅದನ್ನು ಉಂಡು ಮತ್ತೊಂದು ಕೇಳಿದರು. ಪಕ್ಕದವರೂ ಕೇಳಿದರು. ಹೊಟ್ಟೆ ತುಂಬಿದವರೂ ಕೇಳುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ಹಿಟ್ಟು ತೀರುವವರೆಗೂ ಬಡಿದೆ. ಕೊನೆಯ ಹಿಟ್ಟನ್ನು ಪಾತ್ರೆಯ ತಳದಿಂದ ಬಳಿದು ಸಣ್ಣದೊಂದು ರೊಟ್ಟಿ ಮಾಡಿದೆ.

ನಮ್ಮವರು ಹೊರಗೆ ಹೋಗಿ, "ಸಾಹೇಬ್ರ, ನೀವೂ ಎರಡು ತುತ್ತು ಉಣ್ರಿ. ಇಷ್ಟ ಸಲ ಬಂದೀರಿ, ಒಮ್ಮೆನೂ ಉಂಡಿಲ್ಲ," ಎಂದರು.

"ಬೇಡ ಸಿದ್ದಪ್ಪನವರೇ. ಡ್ಯೂಟಿಲಿದೀನಿ," ಎಂದರು ಸಾಹೇಬರು. ಅವರ ಮುಖ ಬೆವತಿತ್ತು.

ಬೈದಿದ್ದರೆ ನಾವೂ ಬಾಯಿ ಮಾಡಬಹುದಿತ್ತು. ತಟ್ಟೆ ಎಸೆದಿದ್ದರೆ ಗಲ್ಲಿಯ ಜನ ಸೇರುತ್ತಿದ್ದರು. ಅಂಥದ್ದೇನೂ ಆಗಲಿಲ್ಲ. ಉಳಿದ ಪಲ್ಯ, ಮೊಸರು ತೆಗೆದುಕೊಳ್ಳಿ ಎಂದರು. ಗ್ಯಾಸ್ ಬಂದ್ ಮಾಡಿದ್ದೀರಾ ಎಂದು ಎರಡು ಸಲ ಕೇಳಿದರು. ಬಾಗಿಲು ಎಳೆದು, ಬೀಗಕ್ಕೆ ಬಟ್ಟೆ ಸುತ್ತಿ, ಅರಗು ಹಾಕಿ ಮೊಹರು ಒತ್ತಿದರು. ಮಾಸ್ತರರ ಮನೆಯ ಒಳಗಿನಿಂದ ಖೋಲಿಗೆ ಇದ್ದ ಬಾಗಿಲಿಗೂ ಹಾಗೆಯೇ ಮಾಡಿದರು. ಹಂಚು, ಬೆಂಚು, ಪಾತ್ರೆ ಎಲ್ಲ ಒಳಗೇ ಉಳಿದವು.

ಚಳಿಗಾಲ ಪೂರ್ತಿ ಕಚೇರಿಯಲ್ಲೇ ಕಳೆಯಿತು. ಮಾಸ್ತರರ ತಂದೆಯ ಮರಣದ ದಾಖಲೆ ಹುಡುಕಬೇಕಾಯಿತು. ಅದು ಸಿಕ್ಕರೆ ಜುಬೇದಾಬಿಯ ಹೆಸರು ಒಂದು ಕಡೆ ಜುಬೇದಾ, ಇನ್ನೊಂದು ಕಡೆ ಜುಬೇದಾಬಿ ಎಂದಿತ್ತು. ಇಬ್ಬರೂ ಒಬ್ಬರೇ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. ಪ್ರತಿ ಸಲ ಅವರು ಗಿರಣಿ ಬಂದ್ ಮಾಡಿ ಬಬಲೇಶ್ವರದಿಂದ ಬರುತ್ತಿದ್ದರು. ಬಂದ ದಿನ ಕಚೇರಿಯ ಸಾಹೇಬರು ರಜೆ, ಇಲ್ಲವೇ ಕಂಪ್ಯೂಟರು ಬಂದ್. ಮೊದಮೊದಲು ಅಣ್ಣ-ತಂಗಿ ಬೆಂಚಿನ ಎರಡು ತುದಿಗೆ ಕೂರುತ್ತಿದ್ದರು, ನಡುವೆ ನಮ್ಮವರು. ಸಂಕ್ರಮಣದ ಹೊತ್ತಿಗೆ ನಮ್ಮವರನ್ನು ಒಂದು ತುದಿಗೆ ಸರಿಸಿ ಅವರಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಕಾಯುವುದಕ್ಕೆ ಬೇರೆ ಕೆಲಸವೇ ಇಲ್ಲದ್ದರಿಂದ ಅಮ್ಮನ ಮಾತು, ಅಪ್ಪನ ಮಾತು, ಸಣ್ಣವರಿದ್ದಾಗ ಗಲ್ಲಿಯಲ್ಲಿ ಆಡಿದ ಮಾತು ಎಲ್ಲ ಆ ಬೆಂಚಿನ ಮೇಲೆಯೇ ಆಡಿದರಂತೆ. ನಮ್ಮವರು ಮನೆಗೆ ಬಂದು ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ನಗು ಬರುತ್ತಿತ್ತು, ಹಾಗೆಯೇ ಹೋಗುತ್ತಿತ್ತು.

ನಮ್ಮವರು ಬಹಳ ಬದಲಾದರು. ದನಿ ಸಣ್ಣದಾಯಿತು. ಯಾರು ಎದುರಿಗೆ ಬಂದರೂ ಎದ್ದು ನಿಲ್ಲುವುದು ರೂಢಿಯಾಯಿತು. ಒಮ್ಮೆ ನಮ್ಮ ಬಾಡಿಗೆ ಮನೆಗೆ ಗ್ಯಾಸ್ ಸಿಲಿಂಡರಿನವನು ಬಂದಾಗ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ನಿಂತು, "ಹೇಳ್ರಿ ಸಾಹೇಬ್ರ," ಎಂದರು. ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ ಅತ್ತೆ. ಖಾನಾವಳಿ ಮುಚ್ಚಿದ ದಿನವೂ ನಾನು ಅತ್ತಿರಲಿಲ್ಲ.

ಮಾಘದಲ್ಲಿ ತಿಕೋಟಾದಿಂದ ನನ್ನ ತಮ್ಮ ಬಂದ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಕೆಲಸ ಶುರುವಾಗಿತ್ತು. ಹೊರಗಿನಿಂದ ಬಂದ ಕೂಲಿಯವರಿಗೆ ಅಡುಗೆ ಮಾಡುವವರು ಬೇಕಾಗಿದ್ದರು.

"ನೀ ಏನ್ ಬೇ ಅಕ್ಕಾ, ಬೀಗಾ ಕಾಯ್ಕೋಂತ ಎಷ್ಟ ದಿನಾ ಕೂಡ್ತಿ?" ಎಂದ. "ನಡೀರಿ. ಶೆಡ್ಡಿನ ಬಾಜೂಕ ಪತ್ರಾ ಹೊದಿಸಿ ಕೊಡ್ತೀನಿ."

ಹೋದೆವು. ತಗಡಿನ ಕೆಳಗೆ ಮತ್ತೆ ಕಟ್ಟಿಗೆಯ ಒಲೆ ಹೂಡಿದೆ. ಒಂದು ಕಡೆ ಚೌಕಟ್ಟುಗಳ ಮೇಲೆ ದ್ರಾಕ್ಷಿ ಹಸಿರಿನಿಂದ ಹಳದಿಗೆ ತಿರುಗಿ ಸುಕ್ಕಾಗುತ್ತಿತ್ತು, ಇನ್ನೊಂದು ಕಡೆ ನಾನು ರೊಟ್ಟಿ ಬಡಿಯುತ್ತಿದ್ದೆ. ಕೆಲಸ ಮುಗಿಸಿ ಬಂದವರ ಕೈ ಅಂಟು ಅಂಟು. ಎಷ್ಟು ತೊಳೆದರೂ ಸಿಹಿ ವಾಸನೆ ಹೋಗುತ್ತಿರಲಿಲ್ಲ. ಹಸಿದ ಜನ, ಮಾತು ಕಡಿಮೆ. ನಮ್ಮವರು ಬಡಿಸುತ್ತಿದ್ದರು. ಯಾರನ್ನೂ ಕೂಗಿ ಕರೆಯುವ ಕೆಲಸ ಅಲ್ಲಿರಲಿಲ್ಲ.

ಬಿಸಿಲು ಏರಿ, ಶೆಡ್ಡುಗಳು ಖಾಲಿಯಾಗುವ ಹೊತ್ತಿಗೆ ನಮ್ಮವರ ಮೊಬೈಲಿಗೆ ಸಂದೇಶ ಬಂತು. ಲೈಸೆನ್ಸಿನ ಅರ್ಜಿ ಮಂಜೂರಾಗಿದೆ. ಅದೇ ದಿನ ಮಾಸ್ತರರ ಫೋನು. "ಸಿದ್ದಪ್ಪಾ, ಉತಾರ ಬಂದ ಕೂಡಲೇ ಕಚೇರಿಗೆ ಕೊಟ್ಟಿದ್ದೆ. ಇಬ್ಬರ ಹೆಸರೂ ಬಂದಾವ. ಸೀಲ್ ತಗದಾರ. ಬರ್ರಿ ಇನ್ನ." ಅವರ ದನಿ ಹುಡುಗರ ದನಿಯಂತಿತ್ತು.

ನಾವಿಬ್ಬರೂ ವಿಜಯಪುರಕ್ಕೆ ಹೋದೆವು. ಗಲ್ಲಿಯಲ್ಲಿ ಮಾಸ್ತರರ ಜೊತೆ ಜುಬೇದಾಬಿಯೂ ನಿಂತಿದ್ದರು. ಬಾಗಿಲು ತೆರೆದಿತ್ತು, ಆದರೆ ಯಾರೂ ಒಳಗೆ ಹೋಗಿರಲಿಲ್ಲ. ಜುಬೇದಾಬಿ ನನ್ನ ಕೈ ಹಿಡಿದುಕೊಂಡರು. "ನೀವು ಮುಂದ ನಡೀರಿ ಅಕ್ಕಾರ. ನನಗ ಒಬ್ಬಾಕಿಗೆ ಹೋಗಾಕ ಆಗವಲ್ದು," ಎಂದರು.

ಇಬ್ಬರೂ ಒಳಗೆ ಹೋದೆವು. ಎಲ್ಲದರ ಮೇಲೂ ಧೂಳು. ಹಂಚು ತುಕ್ಕು ಹಿಡಿದಿತ್ತು. ಕಿಟಕಿಯ ಕೆಳಗೆ ಗ್ಯಾಸಿನ ಒಲೆ ಇಟ್ಟ ಕಟ್ಟೆಯನ್ನು ಅವರು ಬಹಳ ಹೊತ್ತು ನೋಡಿದರು. "ಇಲ್ಲೇ ತಲಿ ಇತ್ತು ಆಕೀದು," ಎಂದರು. ಆಮೇಲೆ ಆ ಕಟ್ಟೆಯ ಪಕ್ಕದಲ್ಲಿ, ನೆಲದ ಮೇಲೆಯೇ ಕೂತರು. ನಾನೂ ಕೂತೆ.

ಹೊರಗೆ ಮಾಸ್ತರರು ನಮ್ಮವರ ಕೈಗೆ ಲೈಸೆನ್ಸು ಕೊಟ್ಟಿದ್ದರು. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಚೆಂದವಾಗಿ ತಂದಿದ್ದರು. ನಮ್ಮವರು ಅದನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು. ಅವರ ಹೆಸರು ಸರಿಯಾಗಿತ್ತು. ಖಾನಾವಳಿಯ ಹೆಸರು ಸರಿಯಾಗಿತ್ತು. ಕೊನೆಯ ಸಾಲಿಗೆ ಬಂದಾಗ ನಿಂತರು.

"ವರ್ಷಾ ವರ್ಷಾ ಹೊಸಾದು ಮಾಡಸಬೇಕಂತ," ಎಂದರು.

"ಈಗೇನೂ ತ್ರಾಸಿಲ್ಲ ಸಿದ್ದಪ್ಪಾ, ಎಲ್ಲಾ ಕಾಗದಾ ಅದಾವಲ್ಲ," ಎಂದರು ಮಾಸ್ತರರು.

ಜುಬೇದಾಬಿಯೂ ಒಳಗಿನಿಂದಲೇ ಕೂಗಿ ಹೇಳಿದರು. "ಇಲ್ಲೇ ಇರ್ರಿ ನೀವು. ನಾ ಮನಸಿನಿಂದ ಹೇಳಾಕತ್ತೀನಿ. ನಮ್ಮಮ್ಮಗ ಮನಿ ತುಂಬ ಜನಾ ಉಂಡ್ರ ಖುಷಿ ಆಗ್ತಿತ್ತು."

ನಮ್ಮವರು ಒಳಗೆ ಬಂದು ಬೆಂಚಿನ ಮೇಲಿನ ಧೂಳು ಕೂಡ ಒರೆಸದೆ ಕೂತರು. ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ಅವರು ಯಾವ ಕೆಲಸಕ್ಕೂ ಆಗುವುದಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

"ನನಗ ಆಗೂದಿಲ್ಲ ಗೌರಾ," ಎಂದರು.

ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ದಣಿದವರು ನೀರು ಕೇಳಿದ ಹಾಗಿತ್ತು. "ಆಗದಿದ್ರ ಬ್ಯಾಡ್ರಿ," ಎಂದೆ ನಾನು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ನನ್ನ ತಮ್ಮನಿಗೆ ಫೋನು ಮಾಡಿದೆ. ಅವನು ಗೊತ್ತು ಮಾಡಿದ ಟೆಂಪೋ ಬಂತು. ಪಾತ್ರೆ, ಹಂಚು, ಒಲೆ, ಬೆಂಚುಗಳನ್ನು ಹೇರಿದೆವು. ಗಲ್ಲಿಯವರು ಬಂದು ಕೈ ಹಾಕಿದರು. ಮಧ್ಯಾಹ್ನ ಜುಬೇದಾಬಿಯೇ ಮಾಸ್ತರರ ಒಳಮನೆಯಲ್ಲಿ ಅಡುಗೆ ಮಾಡಿದರು. ಅಷ್ಟು ವರ್ಷ ಆ ಮನೆಗೆ ಉಣ್ಣಿಸಿದವಳು ನಾನು. ಅವತ್ತು ಉಂಡವಳೂ ನಾನು. ಊಟವಾದ ಮೇಲೆ ಖೋಲಿ ಗುಡಿಸಿ, ನೀರು ಹಾಕಿ ತೊಳೆದೆ. ಜುಬೇದಾಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದನ್ನ ಇನ್ನ ಯಾರಿಗೆ ಕೊಡೂಣ್ರಿ ಅಕ್ಕಾರ? ಮೊಬೈಲ್ ಅಂಗಡಿಯವರು ಆಗಲೇ ಕೇಳ್ಯಾರಂತ," ಎಂದರು.

"ಯಾರಿಗೂ ಅವಸರಾ ಮಾಡಿ ಕೊಡಬ್ಯಾಡ್ರಿ," ಎಂದೆ. "ಸ್ವಲ್ಪ ದಿನಾ ನೀವ ಕೂಡ್ರಿ ಇದರಾಗ."

ಅವರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಒಳಗೆ ಬಂದು ಕಿಟಕಿ ತೆರೆದರು.

ಟೆಂಪೋದಲ್ಲಿ ಡ್ರೈವರನ ಪಕ್ಕ ನಾನು, ನನ್ನ ಪಕ್ಕ ನಮ್ಮವರು. ಊರು ದಾಟಿ ಹೊಲಗಳು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ತಲೆ ನನ್ನ ಭುಜಕ್ಕೆ ಬಂತು. ಹಿಂದೆ ಪಾತ್ರೆಗಳು ತಗ್ಗಿಗೊಮ್ಮೆ ಸದ್ದು ಮಾಡುತ್ತಿದ್ದವು, ಅವರಿಗೆ ಎಚ್ಚರವಾಗಲಿಲ್ಲ. ಒಂದು ವರ್ಷದಿಂದ ಅವರು ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿರಲಿಲ್ಲ. ತಿಕೋಟಾ ಬಂತು. ನಮ್ಮ ಮನೆಯ ಮುಂದೆ ಟೆಂಪೋ ನಿಂತಿತು. ಡ್ರೈವರ ಇಳಿದು ಹಗ್ಗ ಬಿಚ್ಚಲು ಹೋದ.

"ಈಗ ಬ್ಯಾಡಪ್ಪಾ," ಎಂದೆ. "ಜರಾ ತಡಿ. ಮಲ್ಕೊಂಡಾರ."